ಬಾಲ್ಟಿಮೋರಿನಲ್ಲಿ ಸೋತ ಆಂಟೆನಾ

ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಾ "ಈಗ ಬಂತಾ?" ಎಂದು ಕೂಗುತ್ತಿದ್ದ ಕಾಲ ನೆನಪಿದ್ದವರಿಗೆ, ತೆರೆಯ ಮೇಲಿನ ಮುಖದ ಪಕ್ಕದಲ್ಲೇ ಅದೇ ಮುಖದ ಮಸುಕು ನೆರಳು ಬೀಳುತ್ತಿದ್ದುದೂ ನೆನಪಿರುತ್ತದೆ. ಗೋಪುರದಿಂದ ಹೊರಟ ಅಲೆ ನೇರವಾಗಿ ಬರುವುದಲ್ಲದೆ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತುಸು ತಡವಾಗಿಯೂ ಬರುತ್ತದೆ. ಆ ತಡವಾದ ಅಲೆಯೇ ನೆರಳು. ಅನಲಾಗ್ ಟಿವಿಯಲ್ಲಿ ನೆರಳಿದ್ದರೂ ಕಥೆ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ನೆರಳು ಮಿತಿ ಮೀರಿತೋ, ಚಿತ್ರವೇ ಇಲ್ಲ. ಆದ್ದರಿಂದಲೇ ಅಂಕಿಗಳನ್ನು ಅಲೆಯ ಮೇಲೆ ಹೇರುವ ಬಗೆಗೆ, ಅಂದರೆ ಮಾಡ್ಯುಲೇಷನ್‌ಗೆ, ಅಷ್ಟೊಂದು ಜಗಳ ನಡೆಯಿತು.

ಅಮೆರಿಕ 1996ರ ಡಿಸೆಂಬರ್‌ನಲ್ಲಿ ಒಪ್ಪಿದ್ದು ಝೆನಿತ್ ಕಂಪನಿ ಬೆಳೆಸಿದ 8-ವಿಎಸ್‌ಬಿ. ಒಂದೇ ವಾಹಕ ಅಲೆ. ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಸಂಕೇತ, ಪ್ರತಿಯೊಂದೂ ಎಂಟು ಮಟ್ಟಗಳಲ್ಲೊಂದು. ಕಡಿಮೆ ಶಕ್ತಿಯಲ್ಲಿ ದೂರ ಹೋಗುತ್ತದೆ. ಎತ್ತರದ ಆಂಟೆನಾ ಇದ್ದ ಮನೆಗೆ ಒಳ್ಳೆಯದೇ.

ಯುರೋಪಿನ ಸಿಒಎಫ್‌ಡಿಎಂ ದಾರಿಯೇ ಬೇರೆ. ಅದೇ ಮಾಹಿತಿಯನ್ನು 6817 ವಾಹಕಗಳಿಗೆ ಹಂಚಿ, ಒಂದೊಂದನ್ನೂ ನಿಧಾನಕ್ಕೆ ನಡೆಸಿತು. ಒಂದು ಸಂಕೇತಕ್ಕೆ 896 ಮೈಕ್ರೋಸೆಕೆಂಡ್. ಅದರ ಮುಂದೆ ಒಂದಿಷ್ಟು ಕಾವಲು ಸಮಯ. ದೊಡ್ಡ ಕಲ್ಲಿನ ಮಂಟಪದಲ್ಲಿ ಮಾತಾಡುವವನು ಒಂದು ಮಾತಿನ ಪ್ರತಿಧ್ವನಿ ಅಡಗಲಿ ಎಂದು ತಡೆದು, ಆಮೇಲೆ ಮುಂದಿನ ಮಾತಾಡುತ್ತಾನಲ್ಲ, ಹಾಗೆ. ಎಂಥ ಸೊಗಸಾದ ಯೋಚನೆ! ಇದರ ಬೇರು ಹುಡುಕಿದರೆ ಸಿಗುವುದು ಅಮೆರಿಕದಲ್ಲೇ: ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲೇ ಇದರ ತತ್ವವನ್ನು ಬರೆದಿದ್ದರು.

ಈಗ ನನಗೆ ಬಹಳ ಇಷ್ಟವಾದ ಅಧ್ಯಾಯ. 1999ರ ಬೇಸಿಗೆ, ಬಾಲ್ಟಿಮೋರ್. ಸಿಂಕ್ಲೇರ್ ಎಂಬ ಪ್ರಸಾರ ಸಂಸ್ಥೆಯಲ್ಲಿ ಹೊಸ ತಂತ್ರಜ್ಞಾನ ನೋಡಿಕೊಳ್ಳುತ್ತಿದ್ದ ನ್ಯಾಟ್ ಆಸ್ಟ್ರಾಫ್ ಎರಡೂ ಪದ್ಧತಿಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ಪ್ರಯೋಗಾಲಯದಲ್ಲಲ್ಲ, ಊರೊಳಗೆ, ಮನೆಯೊಳಗಿಡುವ ಸಾದಾ ಆಂಟೆನಾದೊಂದಿಗೆ. ಯುರೋಪಿನ ಪದ್ಧತಿಯಲ್ಲಿ ಚಿತ್ರ ಸಲೀಸಾಗಿ ಬಂತು. ಅಮೆರಿಕದ್ದರಲ್ಲಿ ಆಂಟೆನಾ ಎತ್ತ ತಿರುಗಿಸಿದರೂ ಕಷ್ಟ. ಲೆಕ್ಕದಲ್ಲಿ ಗೆದ್ದದ್ದು ನಡುಮನೆಯಲ್ಲಿ ಸೋತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಸಿಂಕ್ಲೇರ್, ಎರಡಕ್ಕೂ ಅವಕಾಶ ಕೊಡಿ ಎಂದು ಅಮೆರಿಕದ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿಗೆ ಅರ್ಜಿ ಹಾಕಿತು. 2000ದ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ನಡುದಾರಿಯಲ್ಲಿ ಮಾನದಂಡ ಬದಲಿಸಿದರೆ ಎಲ್ಲವೂ ತಡವಾಗುತ್ತದೆ ಎಂಬ ಭಯ. ಆ ಭಯ ನನಗೆ ಅರ್ಥವಾಗುತ್ತದೆ, ಆದರೂ ಹೊಟ್ಟೆ ಉರಿಯುತ್ತದೆ. ಕಣ್ಣೆದುರಿಗೆ ಕಂಡದ್ದನ್ನು ಬದಿಗಿಟ್ಟರಲ್ಲ!

ಮುಂದಿನದನ್ನು ಬೇಗ ಹೇಳುತ್ತೇನೆ. ತೈವಾನ್ ಅಮೆರಿಕದ ಪದ್ಧತಿಯನ್ನು ಒಪ್ಪಿದ್ದರೂ 2001ರಲ್ಲಿ ಯುರೋಪಿನದಕ್ಕೆ ಹೊರಳಿತು. ಬ್ರೆಜಿಲ್ ಸಾವ್ ಪಾವ್ಲೋದಲ್ಲಿ ಅಮೆರಿಕ, ಯುರೋಪ್, ಜಪಾನ್ ಮೂರರ ಪದ್ಧತಿಗಳನ್ನೂ ಪರೀಕ್ಷಿಸಿ, 2006ರಲ್ಲಿ ಜಪಾನಿನದನ್ನು ಆಯ್ದುಕೊಂಡಿತು. ಅದೂ ಬಹುವಾಹಕ ಕುಲದ್ದೇ, ಕೈಯಲ್ಲಿ ಹಿಡಿದ ಫೋನಿಗೂ ಚಿತ್ರ ತಲುಪಿಸಬಲ್ಲದ್ದು. ಅಮೆರಿಕದ ಎಂಜಿನಿಯರುಗಳೂ ಸುಮ್ಮನೆ ಕೂರಲಿಲ್ಲ. ನೆರಳನ್ನು ಲೆಕ್ಕಹಾಕಿ ಕಳೆಯುವ ಚಿಪ್‌ಗಳು ತಲೆಮಾರಿನಿಂದ ತಲೆಮಾರಿಗೆ ಚುರುಕಾದವು. 2009ರ ಜೂನ್‌ನಲ್ಲಿ ಅಲ್ಲಿನ ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ ನಿಂತಿತು.

ನಮ್ಮ ದೂರದರ್ಶನ ಯುರೋಪಿನ ದಾರಿ ಹಿಡಿದು, 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಆ ಪದ್ಧತಿಯ ಎರಡನೇ ತಲೆಮಾರಾದ ಡಿವಿಬಿ-ಟಿ2 ಪ್ರಸಾರ ಆರಂಭಿಸಿತು. ಓಡುವ ಬಸ್ಸಿನಲ್ಲೂ ಟಿವಿ ನೋಡಬಹುದಾದ ತಂತ್ರ ಅದು. ಅದನ್ನು ಹಿಡಿಯುವ ಟ್ಯೂನರ್ ನಮ್ಮ ಸಾಮಾನ್ಯ ಫೋನುಗಳಲ್ಲಿಲ್ಲ ಎಂಬುದು ನನ್ನ ಕೊರಗು.

ಇನ್ನು ಅಮೆರಿಕ: 2017ರಲ್ಲಿ ಎಫ್‌ಸಿಸಿ ಎಟಿಎಸ್‌ಸಿ 3.0 ಎಂಬ ಹೊಸ ಮಾನದಂಡಕ್ಕೆ ಅನುಮತಿ ಕೊಟ್ಟಿತು. ಅದರ ಮಾಡ್ಯುಲೇಷನ್ ಒಎಫ್‌ಡಿಎಂ, ಅಂದರೆ ಯುರೋಪಿನದರಂತೆ ಬಹುವಾಹಕದ್ದೇ. ಅದಕ್ಕಾಗಿ ಮುಂಚೂಣಿಯಲ್ಲಿ ನಿಂತು ಹೋರಾಡಿದವರಲ್ಲಿ ಅದೇ ಸಿಂಕ್ಲೇರ್ ಕೂಡ ಇತ್ತು.