ತೆರಪಿನ ಬೆಲೆ

ಹಳೆಯ ತಾಳೆಗರಿಗಳನ್ನು ಕಂಡವರು ಬಲ್ಲರು: ಅಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಅಕ್ಷರಗಳು ಒಂದೇ ಸಾಲಾಗಿ ಸಾಗುತ್ತವೆ. ಪದಚ್ಛೇದವನ್ನು ಓದುವವನೇ ಮಾಡಿಕೊಳ್ಳಬೇಕು. 'ನಾನಾಕಡೆ' ಎಂದು ಬರೆದಿದ್ದರೆ ಅದು ಹಲವು ಕಡೆಯೋ, 'ನಾನು ಆ ಕಡೆ'ಯೋ? ಸಂದರ್ಭ ನೋಡಿ ನೀವು ನಿರ್ಣಯಿಸುತ್ತೀರಿ. ಕಂಪ್ಯೂಟರಿಗೆ ಈ ವಿವೇಕವಿಲ್ಲ. ಅದು ಸಂದರ್ಭವನ್ನು ನೋಡದು. ತೆರಪನ್ನು ಮಾತ್ರ ನೋಡುತ್ತದೆ.

ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವುದು ಒಂದು ಬಗೆ. ಅಪ್ಪಣೆಯನ್ನು ಅಕ್ಷರಗಳಲ್ಲಿ ಬರೆದು ಮಾಡಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ನೆರೆಯ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೂ ಲಿನಕ್ಸ್ ಬಳಕೆಯಲ್ಲಿರುವುದರಿಂದ ಈ ವಿಷಯ ನಮ್ಮ ಅಧ್ಯಾಪಕರಿಗೆ ದೂರದ್ದಲ್ಲ.

ಒಂದು ಉದಾಹರಣೆ ನೋಡಿ. ಶಾಲೆಯ ಕಂಪ್ಯೂಟರಿನಲ್ಲಿ ಎರಡು ಫೈಲುಗಳಿವೆಯೆನ್ನಿ. ಒಂದರ ಹೆಸರು 'ಅಂಕಪಟ್ಟಿ'. ಅದರಲ್ಲಿ ಈ ವರ್ಷದ ಮಕ್ಕಳ ಅಂಕಗಳಿವೆ. ಇನ್ನೊಂದರ ಹೆಸರು 'ಹಳೆಯ ಅಂಕಪಟ್ಟಿ'. ಹಳೆಯದು ಬೇಡವೆಂದು ನೀವು ಲಿನಕ್ಸಿನಲ್ಲಿ, ಅಳಿಸುವ ಅಪ್ಪಣೆಯಾದ 'ಆರ್‌ಎಂ' ಎಂಬುದನ್ನು ಬರೆದು, ಮುಂದೆ ಹಳೆಯ ಅಂಕಪಟ್ಟಿ ಎಂದು ಸೇರಿಸುತ್ತೀರಿ. ಯಂತ್ರ ಇದನ್ನು ಎರಡು ಹೆಸರುಗಳೆಂದು ಓದುತ್ತದೆ. 'ಹಳೆಯ' ಎಂಬ ಫೈಲು ಇಲ್ಲವೆಂದು ದೂರುತ್ತದೆ, 'ಅಂಕಪಟ್ಟಿ'ಯನ್ನು ಅಳಿಸಿಬಿಡುತ್ತದೆ! ಬೇಡದ್ದು ಉಳಿಯಿತು, ಬೇಕಾದದ್ದು ಹೋಯಿತು. ಹೀಗೆ ಅಳಿದದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ಇದು ಬರಿಯ ಕಲ್ಪನೆಯೆಂದು ತಿಳಿಯಬೇಡಿ. 2001ರ ನವೆಂಬರಿನಲ್ಲಿ ಆಪಲ್ ಸಂಸ್ಥೆ ಐಟ್ಯೂನ್ಸ್ 2.0 ಎಂಬ ಸಂಗೀತದ ತಂತ್ರಾಂಶವನ್ನು ಹೊರತಂದಿತು. ಅದನ್ನು ಮ್ಯಾಕ್ ಯಂತ್ರಗಳಲ್ಲಿ ಸ್ಥಾಪಿಸುವ ಅಪ್ಪಣೆಗಳಲ್ಲಿ ಹೆಸರಿಗೆ ಉದ್ಧರಣ ಚಿಹ್ನೆ ಬಿಟ್ಟುಹೋಗಿತ್ತು. ಡಿಸ್ಕಿನ ಹೆಸರಿನಲ್ಲಿ ತೆರಪಿದ್ದ ಕೆಲವರ ಸಂಗ್ರಹವೇ ಅಳಿಸಿಹೋಯಿತು. ಸಂಸ್ಥೆ ಅದನ್ನು ಹಿಂದೆಗೆದುಕೊಂಡು, ತಿದ್ದಿದ ಆವೃತ್ತಿಯನ್ನು ಕೊಡಬೇಕಾಯಿತು.

ಪರಿಹಾರವು ವ್ಯಾಕರಣ ಓದಿದವರಿಗೆ ಹೊಸದಲ್ಲ. 'ಅರಸನ ಮನೆ' ಎಂದರೆ ಎರಡು ಪದ. ಸಮಾಸವಾಗಿ 'ಅರಮನೆ' ಎಂದಾಗ ಒಂದೇ ಪದ. ಹಾಗೆಯೇ ಹೆಸರಿನ ಆದಿಯಲ್ಲೂ ಅಂತ್ಯದಲ್ಲೂ ಉದ್ಧರಣ ಚಿಹ್ನೆಯಿಟ್ಟರೆ, ನಡುವಣ ತೆರಪು ಹಾಗೆಯೇ ಉಳಿದೂ ಯಂತ್ರಕ್ಕೆ ಅದು ಒಂದೇ ಪದವಾಗುತ್ತದೆ. ವಿಂಡೋಸಿನಲ್ಲಿ ಜೋಡಿ ಚಿಹ್ನೆಯನ್ನು ಬಳಸಬಹುದು. ಅಲ್ಲಿಯ 'ಪ್ರೋಗ್ರಾಮ್ ಫೈಲ್ಸ್' ಎಂಬ ಕೋಶದ ಹೆಸರಿನಲ್ಲಿಯೇ ತೆರಪಿದೆಯಷ್ಟೆ. ಲಿನಕ್ಸಿನಲ್ಲಿ ಒಂಟಿ ಚಿಹ್ನೆಯೂ ಸಲ್ಲುತ್ತದೆ. ಅಥವಾ ಪ್ರತಿಯೊಂದು ತೆರಪಿನ ಮುಂಚೆ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆಯನ್ನು ಇಡಬಹುದು. ಆದರೆ ಪತ್ರ ಬರೆಯುವ ತಂತ್ರಾಂಶವು ಅಂದಕ್ಕೆಂದು ಹಾಕುವ ಬಾಗಿದ ಚಿಹ್ನೆಗಳು ಇಲ್ಲಿ ನಡೆಯವು, ನೆಟ್ಟಗಿನವೇ ಬೇಕು.

ಇನ್ನೆರಡು ಮಾತು. ಹೆಸರಿನ ಮೊದಲ ಅಕ್ಷರಗಳನ್ನು ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದುದನ್ನು, ಬೇಕಾದ ಚಿಹ್ನೆಗಳ ಸಹಿತ, ಸಾಮಾನ್ಯವಾಗಿ ಯಂತ್ರವೇ ತುಂಬಿಕೊಡುತ್ತದೆ. ಅಳಿಸುವ ಮುನ್ನ ಅದೇ ಹೆಸರನ್ನು, ಪಟ್ಟಿ ತೋರಿಸುವ 'ಎಲ್‌ಎಸ್' ಅಪ್ಪಣೆಗೆ ಕೊಟ್ಟು ನೋಡಿ. ಯಾವ ಫೈಲು ಕಾಣಿಸುವುದೋ ಅದೇ ಅಳಿಯುವುದು. ವರ್ಷವಿಡೀ ದುಡಿದ ಮಕ್ಕಳ ಅಂಕಗಳು ಆ ಒಂದು ನೋಟದಿಂದ ಉಳಿದಾವು.