ಮಕ್ಕಳು ಕೇಳುತ್ತಾರೆ, ನಾವು ಚಿವುಟುತ್ತೇವೆ
(ಶತಮಾನೋತ್ಸವದ ಅಂಗವಾಗಿ ಜರುಗಿದ ತಂದೆತಾಯಂದಿರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಮಕ್ಕಳ ಪಾಲನೆಯ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ವಿಷಯ ವಿಶಾಲವಾದುದು. ಅದರಲ್ಲಿ ಒಂದೇ ಅಂಶವನ್ನು ಆರಿಸಿಕೊಂಡಿದ್ದೇನೆ. ಮನುಷ್ಯ ಮನುಷ್ಯರ ನಡುವೆ ಕಾಣುವ ವ್ಯತ್ಯಾಸಗಳನ್ನು ಕುರಿತು ಮಕ್ಕಳು ಪ್ರಶ್ನಿಸಿದಾಗ ನಾವು ಏನು ಹೇಳುತ್ತೇವೆ ಎಂಬುದೇ ಆ ಅಂಶ.

ಬಲಿಪೂಜೆಯ ನಡುವೆ ದೇವಾಲಯ ನಿಶ್ಶಬ್ದವಾಗಿರುವ ಹೊತ್ತನ್ನೇ ಹುಡುಕಿಕೊಂಡು ಮಕ್ಕಳು ಇಂಥ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳುತ್ತಾರೆ. “ಅಮ್ಮಾ, ಆ ಮಾಮನಿಗೆ ಒಂದು ಕಾಲು ಯಾಕಿಲ್ಲ?” “ಆ ಹುಡುಗ ಯಾಕೆ ಅಷ್ಟು ಕಪ್ಪಗಿದ್ದಾನೆ?” ತಾಯಿಗೆ ತಲೆಯೆತ್ತಲಾಗದಷ್ಟು ಸಂಕೋಚ. ಮಗುವಿನ ತೊಡೆಯನ್ನು ಚಿವುಟಿ, “ಶ್, ಹಾಗೆಲ್ಲ ಕೇಳಬಾರದು” ಎನ್ನುತ್ತಾಳೆ. (ಪೀಠದ ಬಳಿ ನಿಂತವನಿಗೂ ಇದೆಲ್ಲ ಕೇಳಿಸುತ್ತದೆ ಎಂಬುದನ್ನು ತಮಗೆ ತಿಳಿಸಿಬಿಡುತ್ತೇನೆ.) ಎದುರಿನವರ ಮನಸ್ಸು ನೋಯಬಾರದೆಂಬ ಆಕೆಯ ಉದ್ದೇಶ ಒಳ್ಳೆಯದೇ. ಆದರೆ ಮಗು ಕಲಿತದ್ದೇನು? ಕಾಲಿಲ್ಲದಿರುವುದು, ಕಪ್ಪಗಿರುವುದು ಬಾಯಿಬಿಟ್ಟು ಹೇಳಲಾರದಷ್ಟು ಅವಮಾನದ ಸಂಗತಿ ಎಂದು. ಮಗುವಿನ ಪ್ರಶ್ನೆಯಲ್ಲಿ ಇಲ್ಲದಿದ್ದ ತಿರಸ್ಕಾರವನ್ನು ನಮ್ಮ ಚಿವುಟು ಅದರೊಳಗೆ ಬೆರೆಸಿತು.

ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಹೇಳುವವರುಂಟು. ತಿಳಿಯುತ್ತದೆ. ಅಮೆರಿಕದಲ್ಲಿ 1940ರ ಸುಮಾರಿಗೆ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಃಶಾಸ್ತ್ರಜ್ಞ ದಂಪತಿಗಳು, ತಮ್ಮದೇ ಕಪ್ಪು ಜನಾಂಗದ 3ರಿಂದ 7 ವರ್ಷದ ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಂದೇ ತೆರನಾದ ಬೊಂಬೆಗಳನ್ನಿರಿಸಿ, ಯಾವುದು ಚೆನ್ನಾಗಿದೆಯೆಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಬೊಂಬೆಯನ್ನು ತೋರಿಸಿದರು. ಮುಂದೆ 1954ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದಾಗ ಈ ಅಧ್ಯಯನವನ್ನೂ ಗಮನಕ್ಕೆ ತೆಗೆದುಕೊಂಡಿತು. ನೀನು ಕೀಳು ಎಂದು ಆ ಕಂದಮ್ಮಗಳನ್ನು ಕೂರಿಸಿಕೊಂಡು ಯಾರೂ ಪಾಠ ಹೇಳಿರಲಾರರು. ನಮ್ಮ ದೇಶದಲ್ಲಿ ಡಾ. ಅಂಬೇಡ್ಕರರು ತಮ್ಮ ಬಾಲ್ಯವನ್ನು ನೆನೆಯುತ್ತಾ, ತರಗತಿಯಲ್ಲಿ ಉಳಿದವರಿಂದ ದೂರ ಗೋಣಿತಟ್ಟಿನ ಮೇಲೆ ಕುಳಿತುಕೊಳ್ಳಬೇಕಾಗಿದ್ದುದನ್ನೂ, ಶಾಲೆಯ ಜವಾನ ನಲ್ಲಿಯನ್ನು ತಿರುಗಿಸದಿದ್ದರೆ ನೀರಿಲ್ಲದೆ ಇರಬೇಕಾಗಿದ್ದುದನ್ನೂ ಬರೆದಿದ್ದಾರೆ. ಆಗ ಅವರಿಗೆ ಇನ್ನೂ 9 ವರ್ಷ ತುಂಬಿರಲಿಲ್ಲ. ಅದೇ ಕೋಣೆಯಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳೂ ಅಂದು ಒಂದು ಪಾಠವನ್ನು ಕಲಿತರೆಂಬುದನ್ನು ನಾವು ಮರೆಯುತ್ತೇವೆ.

ಈಗ ಸಮೀಪದ ಮಾತಿಗೆ ಬರೋಣ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರು ಬಾಳುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮೊಂದಿಗೆ ಅದೇ ಪರಮಪ್ರಸಾದವನ್ನು ಸ್ವೀಕರಿಸುವ ಕಥೋಲಿಕರೂ ಇದ್ದಾರೆ. ಅವರ ಮೂಲ ಆಫ್ರಿಕಾ ಖಂಡ. ಓದಿಗೋ ಉದ್ಯೋಗಕ್ಕೋ ಪೇಟೆಗೆ ಬಂದ ಸಿದ್ದಿ ಯುವಕನನ್ನು ಜನರು ಹೆಸರು ಕೇಳುವ ಮೊದಲೇ ಯಾವ ದೇಶದವನೆಂದು ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರಿಸಿದಾಗ ಬೆರಗಾಗುತ್ತಾರೆ. ನಮ್ಮ ಮಕ್ಕಳು ಅವನ ಗುಂಗುರು ಕೂದಲನ್ನು ನೋಡಿ ಪ್ರಶ್ನಿಸದೆ ಇರುವರೇ?

ಐದು ವರ್ಷದ ಮಗುವಿಗೆ ಹೇಳಬೇಕಾದದ್ದು ಅತ್ಯಲ್ಪ. ನಮ್ಮೆಲ್ಲರ ಚರ್ಮದಲ್ಲೂ ಮೆಲನಿನ್ ಎಂಬ ವಸ್ತುವಿದೆ. ಬಿಸಿಲಿನ ಹೊಡೆತದಿಂದ ಅದು ನಮ್ಮನ್ನು ಕಾಯುತ್ತದೆ. ಉರಿಬಿಸಿಲಿನ ನಾಡುಗಳಲ್ಲಿ ತಲೆತಲಾಂತರದಿಂದ ಬಾಳಿದವರಲ್ಲಿ ಅದು ಹೆಚ್ಚು. ಮಗು ತಲೆದೂಗಿ ಆಟಕ್ಕೆ ಓಡುತ್ತದೆ. ಹತ್ತು ವರ್ಷದ ಮಗು ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ. “ಅವರು ಇಲ್ಲಿಗೆ ಯಾಕೆ ಬಂದರು?” ಎನ್ನುತ್ತದೆ. ಹಡಗಿನಲ್ಲಿ ಬಂದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸತ್ಯವೇನೆಂದರೆ ಅವರ ಪೂರ್ವಜರಲ್ಲಿ ಬಹುಮಂದಿಯನ್ನು ಅರಬ್ಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ತಂದರು. ಗೋವೆಯಲ್ಲಿ ಅವರನ್ನು ಕೊಂಡುಕೊಂಡು ದುಡಿಸಿದವರಲ್ಲಿ ನಮ್ಮಂತೆಯೇ ಜ್ಞಾನಸ್ನಾನ ಪಡೆದವರಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಇದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ಆದರೂ ಹೇಳಬೇಕು. ಹೇಳದೆ ಹೋದರೆ, ಸಿದ್ದಿಯವರ ಬಡತನಕ್ಕೆ ಅವರೇ ಕಾರಣರೆಂದು ಮಗು ತಾನಾಗಿಯೇ ತೀರ್ಮಾನಿಸಿಕೊಳ್ಳುತ್ತದೆ. ಇದರ ಜೊತೆಗೆ ಉಳಿದ ಸತ್ಯವನ್ನೂ ಹೇಳೋಣ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ರಾಜ್ಯದ ವಿಧಾನ ಪರಿಷತ್ತಿನ ಸದಸ್ಯರಾದರು. ಚಿಂದಿಬಟ್ಟೆಗಳನ್ನು ಜೋಡಿಸಿ ಅವರ ಹೆಂಗಸರು ಹೊಲಿಯುವ ಕೌದಿಗಳ ಅಂದವನ್ನು ಕಂಡವರೇ ಬಲ್ಲರು.

ಮಕ್ಕಳಿಗೆ ಇದನ್ನು ಹೇಳಲು ಗುಡಿಯೊಳಗೇ ಆಧಾರವಿದೆ. ಕೈಯಲ್ಲಿ ಪೊರಕೆ ಹಿಡಿದ ಸಂತ ಮಾರ್ಟಿನ್ ಡಿ ಪೋರಸರ ಸ್ವರೂಪವನ್ನು ನಾವೆಲ್ಲ ಕಂಡಿದ್ದೇವೆ. 1579ರಲ್ಲಿ ಲಿಮಾ ನಗರದಲ್ಲಿ ಹುಟ್ಟಿದ ಅವರ ತಂದೆ ಸ್ಪೇನ್ ಮೂಲದವರು. ತಾಯಿ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಮಹಿಳೆ. ಆ ಜನ್ಮದ ಕಾರಣದಿಂದ ದೊಮಿನಿಕನ್ ಮಠದಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಸೇವಕನ ಸ್ಥಾನ. 1962ರಲ್ಲಿ ಜಗದ್ಗುರು 23ನೆಯ ಯೊವಾನ್ನರು ಅವರನ್ನು ಸಂತರೆಂದು ಸಾರಿದರು. ಪೊರಕೆಯನ್ನು ವಿನಯದ ಗುರುತೆಂದು ಮಾತ್ರ ಹೇಳಿ, ಅದು ಅವರ ಕೈಗೆ ಹೇಗೆ ಬಂದಿತೆಂಬುದನ್ನು ಮರೆಮಾಚಿದರೆ ಕಥೆ ಅರ್ಧಕ್ಕೆ ನಿಂತಂತೆ.

ನನ್ನ ಅಭಿಪ್ರಾಯದಲ್ಲಿ ಮಗುವಿಗೆ ತಿಳಿಯಬೇಕಾದದ್ದು ಒಂದೇ: ಈ ವ್ಯತ್ಯಾಸ ಯಾರು ಮಾಡಿದ್ದು? ಬಣ್ಣ, ಕೂದಲು, ಭಾಷೆ ಇವು ಸೃಷ್ಟಿಯಿಂದಲೂ ನೆಲದಿಂದಲೂ ಬಂದವು, ನೋಡಿ ಆನಂದಿಸಬಹುದು. ಅಂಗವೈಕಲ್ಯದ ವಿಷಯದಲ್ಲಿ, ಯಾರ ಪಾಪದ ಫಲವಿದು ಎಂದು ಶಿಷ್ಯರೇ ಕೇಳಿದರು. ಹುಟ್ಟುಕುರುಡನ ಪಾಪವೂ ಅಲ್ಲ, ಅವನ ಹೆತ್ತವರ ಪಾಪವೂ ಅಲ್ಲವೆಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹಾಗಿದ್ದರೂ ನಮ್ಮ ಅಜ್ಜಿಯರು ಇಂದಿಗೂ ಕರ್ಮದ ಮಾತನ್ನಾಡುತ್ತಾರೆ!

ಜಾತಿಯಾದರೋ ಮನುಷ್ಯನೇ ಕಟ್ಟಿದ ಗೋಡೆ. ಇದನ್ನು ನೆರೆಯವರ ದೋಷವೆಂದು ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರು ಗೋವೆಯಿಂದ ಬರುವಾಗ ಬಾಮಣ, ಚಾರಡಿ, ಶೂದ್ರರೆಂಬ ಭೇದವನ್ನೂ ಹೊತ್ತು ತಂದರು. ನೆರೆಯ ತಮಿಳುನಾಡಿನಲ್ಲಿ ಸತ್ತವರನ್ನೂ ಬೇರ್ಪಡಿಸಿದ ಕ್ರೈಸ್ತ ಸಮಾಧಿ ಭೂಮಿಗಳುಂಟು. 2003ರಲ್ಲಿ ಆ ರಾಜ್ಯದ ಧರ್ಮಾಧ್ಯಕ್ಷರನ್ನು ಕಂಡಾಗ ಜಗದ್ಗುರು ಎರಡನೆಯ ಜಾನ್ ಪಾಲರು ಈ ಭೇದವನ್ನು ಖಂಡಿಸಿದರು. ಭಾರತದ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಇಂಥ ತಾರತಮ್ಯ ಸಭೆಯೊಳಗೇ ಇದೆಯೆಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಆಂಟನಿ ಪೂಲ ಅವರು ಕಾರ್ಡಿನಲ್ ಪದವಿಗೇರಿದಾಗ, ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಎಂದು ಪತ್ರಿಕೆಗಳು ಬರೆದವು. ಇಷ್ಟು ವರ್ಷ ಏಕೆ ಬೇಕಾಯಿತೆಂದು ಜ್ಞಾನೋಪದೇಶದ ತರಗತಿಯಲ್ಲಿ ಮಗುವೊಂದು ಕೇಳಿದರೆ, ಉಪದೇಶಿಗಳು ಪಾಠವನ್ನು ನಿಲ್ಲಿಸಿ ಅದಕ್ಕೆ ಉತ್ತರ ಹೇಳಲಿ ಎಂದು ನಾನು ಬಯಸುತ್ತೇನೆ.

ಮಾತನಾಡಿದರೆ ಒಡಕು ಹೆಚ್ಚುತ್ತದೆ ಎಂಬ ಭಯ ಕೆಲವರಿಗಿದೆ. ಆದಿಸಭೆಯಲ್ಲಿ ಗ್ರೀಕ್ ನುಡಿಯ ವಿಧವೆಯರಿಗೆ ದಿನದ ಪಡಿ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಿತು. ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆದು ಮಾತನಾಡಿ ಏಳು ಮಂದಿಯನ್ನು ನೇಮಿಸಿದರು. ಆ ಏಳೂ ಗ್ರೀಕ್ ಹೆಸರುಗಳೇ.

ಇನ್ನು ಮನೆಯ ಮಾತು. ಉತ್ತರ ತಿಳಿಯದಿದ್ದರೆ, ತಿಳಿದುಕೊಂಡು ನಾಳೆ ಹೇಳುತ್ತೇನೆ ಎನ್ನಿ; ಮರುದಿನ ಮರೆಯದೆ ಹೇಳಿ. ಮಗುವಿನ ಪ್ರಶ್ನೆ ಎದುರಿನವರ ಕಿವಿಗೆ ಬಿದ್ದಿದ್ದರೆ ಅವರತ್ತ ನೋಡಿ ಒಮ್ಮೆ ನಗಿ, ಸಾಧ್ಯವಾದರೆ ಮಗುವನ್ನು ಅವರ ಬಳಿಗೇ ಕರೆದೊಯ್ಯಿರಿ. ಕಾಲು ಕಳೆದುಕೊಂಡವರು ಆ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು. ಹೇಳಲು ಇಷ್ಟವಿಲ್ಲದಿದ್ದರೆ ಅದನ್ನೂ ಹೇಳಬಲ್ಲರು. ಅದಕ್ಕಿಂತ ಕಷ್ಟದ ಕೆಲಸ ನಮ್ಮ ನಾಲಿಗೆಯದು. ಮಗಳಿಗೆ ಗಂಡು ನೋಡುವಾಗ ಹುಡುಗನ ಬಣ್ಣ, ಅವನ ಮನೆತನದ ಜಾತಿ ಎಲ್ಲವನ್ನೂ ಜಗಲಿಯ ಮೇಲೆ ತೂಗುತ್ತೇವೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಮುಲಾಮು 2020ರಲ್ಲಿ ತನ್ನ ಹೆಸರಿನಿಂದ ಬೆಳ್ಳಗೆಂಬ ಪದವನ್ನು ಕಿತ್ತುಹಾಕಿತು. ಡಬ್ಬಿಯ ಹೆಸರು ಬದಲಾಯಿತು. ಜಗಲಿಯ ಮಾತು ಬದಲಾಗಲಿಲ್ಲ. ಬಾಗಿಲ ಹಿಂದೆ ಕುಳಿತು ಮನೆಲೆಕ್ಕ ಮಾಡುತ್ತಿರುವ ತಂಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ.

ನನ್ನ ಸಮಯ ಮುಗಿಯಿತು. ಪ್ರಶ್ನೆಗಳಿಗಾಗಿ ಸಮಿತಿಯವರು ಅರ್ಧ ಗಂಟೆಯನ್ನು ಮೀಸಲಿಟ್ಟಿದ್ದಾರೆ. ಹಿಂದಿನ ಸಾಲುಗಳಲ್ಲಿ ಕೆಲವು ಮಕ್ಕಳು ಆಗಲೇ ಕೈಯೆತ್ತಿದ್ದಾರೆ. ಮೊದಲು ಅವರು ಕೇಳಲಿ. ಪಕ್ಕದಲ್ಲಿ ಕುಳಿತ ತಾಯಂದಿರು ದಯವಿಟ್ಟು ಚಿವುಟಬೇಡಿ.