ಹೊಲದ ಅಕ್ಕಡಿ, ಮಗುವಿನ ತಟ್ಟೆ

(ಗ್ರಾಮಸಭೆಯಲ್ಲಿ ನಮ್ಮ ಗ್ರಾಮಸೇವಕರು ಮಾಡಿದ ಭಾಷಣ)



ಪ್ರತಿ ಸಲವೂ ಬೀಜ ಗೊಬ್ಬರದ ವಿಚಾರ ಹೇಳುತ್ತಿದ್ದವನು ಈ ದಿನ ಮಕ್ಕಳ ಮಾತೆತ್ತಿದನೆಂದು ತಾವು ಆಶ್ಚರ್ಯಪಡಬಹುದು. ಇದೂ ನಮ್ಮ ಕಸುಬಿನ ಮಾತೇ. ರಾಗಿಯ ಪೈರನ್ನು ಹದ ಮೀರಿ ಒಟ್ಲಿನಲ್ಲೇ ಬಿಟ್ಟು ಆಮೇಲೆ ನಾಟಿ ಮಾಡಿದರೆ, ಎಷ್ಟು ಗೊಬ್ಬರ ಸುರಿದರೂ ಅದು ಚೆನ್ನಾಗಿ ತೆಂಡೆ ಒಡೆಯದು. ಮಗುವಿನ ಎತ್ತರಕ್ಕೂ ಅಂಥ ಒಂದು ಹದವುಂಟು. ಅದು ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವವರೆಗಿನ ಕಾಲ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಇರುವ ಕೂಸು ವರ್ಷಕ್ಕೆ 75ರ, ಎರಡು ವರ್ಷಕ್ಕೆ 86ರ ಆಸುಪಾಸಿಗೆ ಬರಬೇಕು. ಎರಡು ತುಂಬಿಯೂ 80 ಮುಟ್ಟದಿದ್ದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ತಿಳಿಯಬೇಕು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 36 ಮಂದಿ ಹೀಗಿದ್ದರು; 2019–21ರಲ್ಲಿ 35. ಇಳಿದದ್ದು ಅಷ್ಟೇ.

"ನಮ್ಮದು ಗಿಡ್ಡ ವಂಶ, ಸ್ವಾಮಿ" ಎಂದು ಒಬ್ಬ ಯಜಮಾನರು ನನಗೆ ಹೇಳಿದರು. ಅವರ ಕೊಟ್ಟಿಗೆಯಲ್ಲಿ ಎರಡು ಕರೆಯುವ ಹಸುಗಳಿದ್ದವು. ಹಾಲೆಲ್ಲ ಡೈರಿಗೆ ಹೋಗಿತ್ತು. ಎರಡು ವರ್ಷದ ಮೊಮ್ಮಗಳು ಕರಿ ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. ಹಾಲು ಮಾರಬೇಡಿ ಎಂದು ನಾನು ಹೇಳಲಾರೆ, ಸಾಲದ ಕಂತು ಅದರಿಂದಲೇ ಕಟ್ಟಬೇಕು. ಆದರೆ ಕ್ಯಾನು ತುಂಬುವ ಮೊದಲು ಮಗುವಿನ ಪಾವು ಹಾಲು ತೆಗೆದಿಡಬಾರದೆ? ಅದೇ ಯಜಮಾನರು ಕರುವಿಗೆ ಗಿಣ್ಣು ಕುಡಿಸದೆ ಬಿಟ್ಟವರಲ್ಲ. ಬಾಣಂತಿಯ ಮೊದಲ ಹಾಲೂ ಗಿಣ್ಣೇ. ಹೆರಿಗೆಯಾದ ಗಂಟೆಯೊಳಗೆ ಕೂಸಿಗೆ ಅದನ್ನು ಕುಡಿಸಬೇಕು. ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದೇ ಸಾಕು, ನೀರೂ ಬೇಡ.

ಆಮೇಲೆ ತಾಯಿಹಾಲಿನ ಜೊತೆಗೆ ಊಟ ಕಲಿಸಬೇಕು. ನೀರುನೀರಾದ ಗಂಜಿಯಿಂದ ಹೊಟ್ಟೆ ತುಂಬೀತು, ಮೈ ಬೆಳೆಯದು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿಟ್ಟುಕೊಳ್ಳಿ. ಮೊಳೆತ ರಾಗಿಯ ಸರಿ ಬೇಗ ಗಟ್ಟಿಯಾಗದ ಕಾರಣ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಬೆಂದ ಹೆಸರುಬೇಳೆ, ನುಗ್ಗೆಸೊಪ್ಪು, ಒಂದು ಚಮಚ ಎಣ್ಣೆ ಸೇರಲಿ; ತಿನ್ನುವ ಮನೆಗಳಲ್ಲಿ ಮೊಟ್ಟೆಯೂ ಸೇರಲಿ. ಕೈ ತೊಳೆಯದೆ ಉಣಿಸಿ ಮಗುವಿಗೆ ಪದೇ ಪದೇ ಭೇದಿಯಾದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಇನ್ನು ಹೊಲದ ಮಾತು. ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು ಮನೆಗೆ ಬರುತ್ತಿತ್ತು. ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ಈಗ ಹಲವರು ಬಿಟ್ಟಿದ್ದೀರಿ. ಒಂದೇ ಬೆಳೆ ಲಾಭವೆಂದು ನಾನೂ ಕೆಲವರಿಗೆ ಹೇಳಿದ್ದುಂಟು, ಒಪ್ಪಿಕೊಳ್ಳುತ್ತೇನೆ. ಮನೆಯ ಖರ್ಚಿನ ರಾಗಿ ಬೆಳೆಯುವ ತಾಕಿನಲ್ಲಾದರೂ ಈ ಮುಂಗಾರಿಗೆ ಅಕ್ಕಡಿ ಹಾಕಿರಿ.

ನಮ್ಮ ರಾಜ್ಯದಲ್ಲಿ ಅಂಗನವಾಡಿ ಕೆಲಸ 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಇಷ್ಟು ವರ್ಷವಾದರೂ ತೂಕದ ದಿನ ಅಲ್ಲಿಗೆ ಬರುವವರು ತಾಯಂದಿರು ಮಾತ್ರ. ಬರುವ ಸೋಮವಾರ ಮಕ್ಕಳ ಎತ್ತರ ಅಳೆಯುತ್ತಾರೆ, ತಂದೆಯರೂ ಬನ್ನಿ. ನುಗ್ಗೆಯ ಕಡ್ಡಿಗಳನ್ನು ತಂದಿಟ್ಟಿರುತ್ತೇನೆ, ಹೋಗುವಾಗ ಮನೆಗೊಂದು ತೆಗೆದುಕೊಂಡು ಹೋಗಿ ಬಚ್ಚಲ ನೀರು ಹರಿಯುವ ಕಡೆ ನೆಡಿರಿ.